ಒಂದು ಗೇಣಿನ ಸಿಟ್ಟು

ನಮ್ಮ ಮನೆಯ ಮುಂಬಾಗಿಲಿನ ಕೆಳತುದಿಯಿಂದ ಕೊಯ್ದು ತೆಗೆದ ನಾಲ್ಕು ಬೆರಳಗಲದ ಕಟ್ಟಿಗೆಯ ಪಟ್ಟಿಯೊಂದು, ಅಡುಗೆಮನೆಯ ಕಿಟಕಿ ಗಾಳಿಗೆ ಬಡಿದುಕೊಳ್ಳದಂತೆ ಈಗ ಅಡ್ಡ ನಿಂತಿದೆ. ಅವ್ವನ ಮಟ್ಟಿಗೆ ಅದರ ಉಪಯೋಗ ಅಷ್ಟೇ. ನನ್ನ ಮಟ್ಟಿಗೆ ಅದು, ಒಬ್ಬ ಹುಡುಗನ ಸ್ವಭಾವದ ಬಗ್ಗೆ ನಾವು ಬಲ್ಲವರೆಲ್ಲ ಸೇರಿ ಒಂದು ವರ್ಷ ಮಾಡಿದ ವಾದಕ್ಕೆ ಸಿಕ್ಕ ಉತ್ತರ. ಬಾಸ್ಕೆಟ್‌ಬಾಲ್ ತಿಳಿಯದಿದ್ದರೂ ಚಿಂತೆಯಿಲ್ಲ, ಗೆಳೆಯರೇ. ಬಾಗಿಲು ಎಲ್ಲರಿಗೂ ತಿಳಿದೇ ಇರುತ್ತದೆ.

ನಾನು ರಾವೂರಿನ ಒಂದು ಗಣಿಯಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲುಗಳ ಅಳತೆಗಾರ, ವಾಸ ರೈಲು ಜಂಕ್ಷನ್ ವಾಡಿಯಲ್ಲಿ. ಈ ಆಟವನ್ನು ನನಗೆ ಯಾರೂ ಕಲಿಸಲಿಲ್ಲ. ಸಿಕಂದರಾಬಾದಿನ ಹಳೆಯ ಪುಸ್ತಕಗಳ ರಾಶಿಯಲ್ಲಿ ಸಿಕ್ಕ ಇಂಗ್ಲಿಷಿನ ನಿಯಮಪುಸ್ತಕವೊಂದನ್ನು ನಿಘಂಟು ಹಿಡಿದು ಓದಿದೆ. ಅದರ ಮೊದಲ ಎಂಟು ಪುಟಗಳು ಇರಲಿಲ್ಲವಾದ್ದರಿಂದ, ಆಟ ಹೇಗೆ ಮುಗಿಯುತ್ತದೆಂದು ತಿಳಿದ ಭಾಳ ದಿನಗಳ ಮೇಲೆ ಅದು ಹೇಗೆ ಶುರುವಾಗುತ್ತದೆಂದು ತಿಳಿಯಿತು. ಗೂಡ್ಸ್ ಶೆಡ್ಡಿನ ಹಿಂದಿನ ಬಯಲಿನಲ್ಲಿ ಸವೆದ ಎರಡು ಹಳಿಗಳನ್ನು ಕಂಬದಂತೆ ನೆಟ್ಟು, ಹಲಗೆ ಜಡಿದು, ಕಮ್ಮಾರನಿಂದ ಬಡಿಸಿದ ಎರಡು ಕಬ್ಬಿಣದ ರಿಂಗುಗಳನ್ನು ನೆಲದಿಂದ ಸರಿಯಾಗಿ ಹತ್ತು ಅಡಿ ಎತ್ತರಕ್ಕೆ ಕೂಡಿಸಿದವನು ನಾನೇ. ಮೊದಲ ವರ್ಷ ಕಪ್ಪು ಮಣ್ಣಿನಲ್ಲೇ ಆಡಿದೆವು. ಮಳೆ ಬಿದ್ದಾಗ ಚೆಂಡು ಪುಟಿಯುವುದನ್ನು ಬಿಟ್ಟು ಬಿದ್ದಲ್ಲೇ ಕೂತಿತು. ಮನೆಯೆಂದರೆ ಪರಸಿ, ಅಂಗಳವೆಂದರೆ ಪರಸಿ, ದನದ ಕೊಟ್ಟಿಗೆಗೂ ಪರಸಿ ಎನ್ನುವ ಈ ಸೀಮೆಯ ಜನ ನಾವು; ಆಟದ ಬಯಲನ್ನು ಮಾತ್ರ ಬಿಡುತ್ತೇವೆಯೇ? ಮರುವರ್ಷ ಹಾಸಿಬಿಟ್ಟೆವು. ಮೂಡಣ ದಿಕ್ಕಿಗೆ ಬಯಲು ಕೊಂಚ ಇಳಿಜಾರಾಗಿತ್ತು; ಮೊರಂ ಮಣ್ಣು ತುಂಬಿಸಿ, ನೀರಿನ ಮಟ್ಟ ಹಿಡಿದು ಸಮ ಮಾಡಿಸಿದೆ. ನಡುವೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಬಂದವರಿಗೆಲ್ಲ ಗೋಲಿ ಇಟ್ಟು ತೋರಿಸುತ್ತಿದ್ದೆ. ಕೆಲವರು ಎರಡನೆಯ ಸಲ ಬರಲಿಲ್ಲ.

ಇನ್ನು ಸಿದ್ರಾಮ. ದಂಡೋತಿಯ ಒಕ್ಕಲುತನದ ಮನೆಯ ಹುಡುಗ, ಗುಲಬರ್ಗಾದಲ್ಲಿ ಕಾಲೇಜು ಓದುತ್ತ ಅಲ್ಲಿನ ತಂಡದಲ್ಲಿ ದೂರದಿಂದ ಚೆಂಡು ಹಾಕುವ ಗಾರ್ಡ್ ಆಗಿ ಆಡುತ್ತಿದ್ದ. ಪರಸಿ ಹಾಸಿದ ವರ್ಷದಿಂದ, ಶನಿವಾರದ ಗಾಡಿಗೆ ಬಂದು ಭಾನುವಾರ ನಮ್ಮ ಪರವಾಗಿ ಆಡುತ್ತಿದ್ದ. ಚೆಂಡು ಅವನ ಕೈ ಬಿಟ್ಟಾಗ ಅವಸರವಿಲ್ಲದ ಹಕ್ಕಿಯಂತೆ ಮೇಲೇರಿ, ಎಲ್ಲಿ ಇಳಿಯಬೇಕೆಂದು ಮೊದಲೇ ನಿರ್ಧರಿಸಿದ್ದಂತೆ ರಿಂಗಿನೊಳಗೆ ಇಳಿಯುತ್ತಿತ್ತು. ಆದರೆ ಮೊದಲರ್ಧದಲ್ಲಿ ಮಾತ್ರ.

ಇಲ್ಲಿ ನಮ್ಮ ಒಂದು ರೂಢಿಯನ್ನು ಹೇಳಬೇಕು. ಆಟ ಸಂಜೆಗೆ ಮೊದಲು ಶುರು. ಬಂದ ಅತಿಥಿ ತಂಡದವರ ಕಣ್ಣಿಗೆ ಬಿಸಿಲು ಹೊಡೆಯಬಾರದೆಂದು ನಾವು ಮೊದಲರ್ಧದಲ್ಲಿ ಪಡುವಣ ರಿಂಗಿಗೆ ಆಡುತ್ತಿದ್ದೆವು. ಎರಡನೆಯ ಅರ್ಧಕ್ಕೆ ದಿಕ್ಕು ಬದಲಾಗಿ ಮೂಡಣ ರಿಂಗು ನಮ್ಮದಾಗುವ ಹೊತ್ತಿಗೆ ಸೂರ್ಯ ಶೆಡ್ಡಿನ ಹಿಂದೆ ಸರಿದಿರುತ್ತಿದ್ದ. ಕಣ್ಣಿಗೆ ಬಿಸಿಲು ಕುಕ್ಕುವಾಗ ಹನ್ನೆರಡು ಸಲ ಹಾಕುವ ಸಿದ್ರಾಮ, ತಂಪು ಹೊತ್ತಿನಲ್ಲಿ ಎರಡೋ ಮೂರೋ ಸಲ ಹಾಕಿ ಹಲ್ಲು ಕಡಿಯುತ್ತಿದ್ದ. ಇದಕ್ಕೆ ಕಾರಣವೇನು?

ಈ ಪ್ರಶ್ನೆಯನ್ನು ಪ್ರತಿ ಭಾನುವಾರ ಖಾದರ್ ಚಾಚಾನ ಚಹಾದಂಗಡಿಯಲ್ಲಿ ಇತ್ಯರ್ಥ ಮಾಡುತ್ತಿದ್ದೆವು. ಚಾಚಾ ನಿವೃತ್ತ ಇಂಜಿನ್ ಡ್ರೈವರ್. ಎದುರು ಪಕ್ಷ ಚಿತ್ತಾಪುರದ ತೊಗರಿ ವ್ಯಾಪಾರಿ ವೀರಭದ್ರಪ್ಪ ಕಾಕಾ. ವಾಡಿಯಲ್ಲಿ ಏನೋ ಕೆಲಸವಿದೆಯೆಂದು ಪ್ರತಿ ಭಾನುವಾರ ಬರುತ್ತಿದ್ದರು, ಆ ಕೆಲಸ ಯಾವುದೆಂದು ಅವರಿಗೂ ಗೊತ್ತಿರಲಿಲ್ಲ.

"ಹುಡುಗನ ಕೈ ಬಂಗಾರ ಅದ, ತಲಿ ಒಲಿ ಅದ," ಎನ್ನುತ್ತಿದ್ದರು ಕಾಕಾ. "ಜರಾ ತಪ್ಪಿತಂದ್ರ ಉರಿ ಹತ್ತತದ. ಇಂಥಾ ಗುಣ ಇದ್ದವರು ಮುಂದ ಬರಾಂಗಿಲ್ಲ."

"ಅರೇ ಸೇಠಜೀ, ಉಗಿ ಇಲ್ಲದ ಇಂಜಿನ್ ಶೆಡ್ಡಿನಾಗೇ ನಿಲ್ತದ. ಉಗಿ ಇರ್ಲಿ ಬಿಡ್ರಿ."

"ಉಗಿ ಅದ ಚಾಚಾ. ಬ್ರೇಕ್ ಎಲ್ಲದ ತೋರಸ್ರಿ."

"ಕಾಲೇಜಿನಾಗ ಎರಡೂ ಅರ್ಧದಾಗ ಬರಾಬರ್ ಹಾಕ್ತಾನಂತ. ರೈಲ್ ಗಾಡಿ ಮ್ಯಾಲಿನ ಗಾರ್ಡ್ ಸಾಬ್ ನೋಡಿ ಬಂದು ಹೇಳ್ಯಾರ."

"ಅಲ್ಲಿ ಮಾಸ್ತರಿಗಿ ಅಂಜತಾನ. ಮನಷ್ಯಾನ ಖರೇ ಗುಣ ಮನಿ ಕಡಿ ಬಂದಾಗೇ ಕಾಣೂದು."

ಚಾಚಾ ಚಹಾ ಸೋಸತೊಡಗಿದ. ಅದೂ ಅಲ್ಲದೆ, ಜೀವಮಾನದಲ್ಲಿ ಬೇರೆಲ್ಲೂ ಆಡದ ನಮ್ಮ ಪಾರ್ಸಲ್ ಗುಮಾಸ್ತನೂ ಆ ಮೂಡಣ ರಿಂಗಿಗೆ ಸಲೀಸಾಗಿ ಹಾಕುತ್ತಿದ್ದ. ದಡ್ಡನಿಗೆ ಸಾಧ್ಯವಾದದ್ದು ಜಾಣನಿಗೆ ಸಾಧ್ಯವಾಗದಿದ್ದರೆ, ದೋಷ ಜಾಣನ ಮನಸ್ಸಿನಲ್ಲೇ ಇರಬೇಕಲ್ಲವೇ? ನಾನೂ ಕಾಕಾನ ಪಕ್ಷ ಸೇರಿದೆ.

ಒಂದು ಸಲ ಸಿದ್ರಾಮ ನನ್ನ ಬಳಿ ಬಂದು, "ನಾಗಣ್ಣ, ಆ ಕಡಿ ರಿಂಗ್ ಸುಳ್ಳ ಹೇಳ್ತದ," ಅಂದ.

"ಹತ್ತು ಫೂಟ್ ಅದ. ನಾನೇ ಅಳದೀನಿ."

"ನೀ ಅಳದೀ ಅಂತ ಅದು ಖರೇ ಹೇಳ್ತದೇನು?"

ಅಳತೆಗಾರನಿಗೆ ಹೇಳುವ ಮಾತೇ ಇದು? ನಾನು ಗೋಲಿ ತೆಗೆದು ನಡುವೆ ಇಟ್ಟೆ. ಅದು ಅಲುಗಲಿಲ್ಲ. ಅವನು ಚೆಂಡನ್ನು ಕಂಬಕ್ಕೆ ಎಸೆದು ಹೊರಟುಹೋದ. ಜನ ನೋಡಿದರು. ಆಡಲು ಬಾರದೆ ರಿಂಗನ್ನು ಬೈಯುತ್ತಾನೆಂಬ ಸುದ್ದಿ ಸೇಡಂ ದಾಟಿ ಚಿಂಚೋಳಿಯವರೆಗೆ ಹೋಯಿತು.

ಸುದ್ದಿಯ ಒಂದು ಗುಣವೆಂದರೆ, ಅದು ಯಾರ ಬಗ್ಗೆಯೋ ಅವನಿಗೂ ಕೊನೆಗೆ ತಲುಪುತ್ತದೆ, ಅವನೂ ಅದನ್ನು ನಂಬುತ್ತಾನೆ. ಚಳಿಗಾಲದ ಹೊತ್ತಿಗೆ ಸಿದ್ರಾಮ ಮೆತ್ತಗಾಗಿದ್ದ. "ನಂದು ಸಿಟ್ಟಿನ ಸ್ವಭಾವನೇ ಅದ ಕಾಣ್ತದ, ನಾಗಣ್ಣ," ಅಂದ ಒಂದು ದಿನ. "ಹೈದರಾಬಾದಿಗಿ ಹೋಗೂ ಟೀಮಿಗಿ ನನ್ನ ಕ್ಯಾಪ್ಟನ್ ಮಾಡಬೇಕಂತಿದ್ರು. ಈಗ ಆಟದ ಮಾಸ್ತರು ಈ ಸುದ್ದಿ ಕೇಳಿ, ವಾಡ್ಯಾಗ ಎರಡನೇ ಅರ್ಧ ಹ್ಯಾಂಗ ಆಡ್ತೀ ಬಂದು ನೋಡ್ತೀನಿ, ಆಮ್ಯಾಲ ಹೇಳ್ತೀನಿ ಅಂದಾರ. ಈ ಸಲನೂ ಹಂಗೇ ಆದ್ರ ನಾ ಆಡೂದೇ ಬಿಡ್ತೀನಿ. ಅಪ್ಪನ ಸಂಗಾಟ ಹೊಲಕ್ಕ ಹೋಗ್ತೀನಿ."

ಮಾಸ್ತರು ಬರುವುದು ಭಾನುವಾರವೆಂದು ಗೊತ್ತಾಯಿತು. ಅದೇ ವಾರ ನಾನು, ಬಯಲಿಗೆ ಹಾಸಿ ಉಳಿದಿದ್ದ ಪರಸಿಯನ್ನು ನಮ್ಮ ಮನೆಯ ಮಣ್ಣಿನ ನೆಲಕ್ಕೆ ಹಾಸಿಸಿದೆ. ಗೋಲಿ ಅಲ್ಲೂ ಅಲುಗಲಿಲ್ಲ. ಆದರೆ ಬಾಗಿಲು ಮುಚ್ಚಿ ಕೊನೆಯ ಕಲ್ಲು ಹಾಸಿದ ಮೇಲೆ, ಭಾನುವಾರ ಮಧ್ಯಾಹ್ನ ನೋಡಿದರೆ ಮುಂಬಾಗಿಲು ಒಳಗೆ ತೆರೆಯಲೊಲ್ಲದು. ಹೊರಗಿನಿಂದ ತಳ್ಳಿದೆ, ಒದ್ದೆ, ಕೊನೆಗೆ ಬಡಿಗನನ್ನು ಕರೆತಂದೆ. ಬಾಗಿಲು ಮಳೆಗೆ ಉಬ್ಬಿದೆಯೆಂದು ನಾನು ಅವನಿಗೆ ವಿವರಿಸಿದೆ. ಅವನು ಚಳಿಗಾಲದ ಒಣ ಆಕಾಶವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಬಾಗಲಾ ಏನೂ ಮಾಡಿಲ್ರಿ. ಅದು ಎಲ್ಲಿತ್ತೋ ಅಲ್ಲೇ ಅದ. ನೀವು ನೆಲ ಏರಿಸೀರಿ."

ಅವನು ಪಟ್ಟಿ ಕೊಯ್ದು ನನ್ನ ಕೈಗೆ ಕೊಟ್ಟ. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಕಾಣೆ. ನನ್ನ ತಲೆಯೊಳಗೆ ಮೂಡಣ ದಿಕ್ಕಿನ ಮೊರಂ ಮಣ್ಣು, ಬುಟ್ಟಿ ಬುಟ್ಟಿಯಾಗಿ, ಮತ್ತೊಮ್ಮೆ ಬೀಳತೊಡಗಿತ್ತು. ಪಡುವಣ ದಿಕ್ಕಿನಲ್ಲಿ ನೆಲ ಅಗೆದು ಕಲ್ಲು ಕೂಡಿಸಿದ್ದೆವು. ಅಲ್ಲಿ ಎತ್ತರ ಬದಲಾಗಿರಲಿಲ್ಲ. ಮೂಡಣದಲ್ಲಿ ನೆಲ ಏರಿತ್ತು. ರಿಂಗು ಎಲ್ಲಿತ್ತೋ ಅಲ್ಲೇ ಇತ್ತು.

ಬಯಲಿಗೆ ಹೋಗುವಷ್ಟರಲ್ಲಿ ಆಟ ಶುರುವಾಗಿತ್ತು. ಮೊದಲರ್ಧ ಎಂದಿನಂತೆ ಹನ್ನೊಂದು ಸಲ. ಮಾಸ್ತರು ಗಡಿಯಾರ ನೋಡಿದರು. ಬಿಡುವಿನಲ್ಲಿ ನಾನು ಸ್ಟೇಷನ್ನಿನ ದೀಪ ಹಚ್ಚುವ ಆಳಿನ ಏಣಿ ತಂದು ಮೂಡಣ ಕಂಬಕ್ಕೆ ಆನಿಸಿ, ಅಳತೆಪಟ್ಟಿ ಹಿಡಿದು ಹತ್ತಿದೆ. ಜನ ಏಣಿಯ ಸುತ್ತ ಕೂಡಿದರು. ಮೇಲಿದ್ದವನು ನಾನೊಬ್ಬನೇ, ಅಂಕಿ ಕಾಣುವವನೂ ನಾನೊಬ್ಬನೇ. ಹತ್ತು ಅಡಿ ಎಂದು ಕೂಗಿ ಇಳಿದಿದ್ದರೆ ಯಾರೂ ಅನುಮಾನಿಸುತ್ತಿರಲಿಲ್ಲ. ಈ ಸೀಮೆಯಲ್ಲಿ ನನ್ನ ಅಳತೆಯನ್ನು ಮರು ಅಳೆಯುವ ಪದ್ಧತಿಯೇ ಇರಲಿಲ್ಲ. ಏಣಿಯ ಮೇಲೆ, ನಿಜ ಹೇಳುತ್ತೇನೆ, ಎರಡು ಸಲ ಉಸಿರಾಡುವಷ್ಟು ಹೊತ್ತು ಆ ವಿಚಾರ ಮಾಡಿದೆ.

"ಒಂಬತ್ತು ಫೂಟ್ ಮೂರು ಇಂಚು," ಅಂದೆ. "ಒಂದು ಗೇಣು ಕಮ್ಮಿ ಅದ. ನೆಲ ಏರಿಸಿದಾಗ ರಿಂಗ್ ಏರಿಸಬೇಕಿತ್ತು. ತಪ್ಪು ನಂದು."

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವರು ವೀರಭದ್ರಪ್ಪ ಕಾಕಾ. "ಒಂದು ವರ್ಷದಿಂದ ಕಮ್ಮಿ ಇತ್ತೇನು?"

"ಹೌದ್ರಿ ಕಾಕಾ."

"ಹಂಗಾದ್ರ ಅಂವಗ ಸಿಟ್ಟು ಬಂದಿದ್ದು ಬರೋಬ್ಬರಿ ಅದ. ನಿನ್ನ ಮ್ಯಾಲ ಬರಬೇಕಿತ್ತು, ಕಂಬದ ಮ್ಯಾಲ ಬಂತು."

ಸಿದ್ರಾಮ ಏಣಿಯ ಬುಡಕ್ಕೆ ಬಂದ. ಚೆಂಡು ಅವನ ಕಂಕುಳಲ್ಲಿತ್ತು. ಅದು ನನ್ನ ಮುಖಕ್ಕೆ ಬರುವುದು ನ್ಯಾಯವೆಂದುಕೊಂಡು ಇಳಿದು ನಿಂತೆ. "ಗೇಣು ತೋರ್ಸು," ಅಂದ. ಕೈ ಬಿಚ್ಚಿದೆ. ತನ್ನ ಗೇಣನ್ನು ನನ್ನ ಗೇಣಿನ ಮೇಲೆ ಇಟ್ಟು ನೋಡಿದ. ಅವನದು ಒಂದು ಬೆರಳು ಉದ್ದವಿತ್ತು. "ಅಷ್ಟೇನಾ?" ಅಂದವನೇ ಬಯಲಿಗೆ ನಡೆದ.

ಎರಡನೆಯ ಅರ್ಧದ ಮೊದಲ ಎಸೆತ ಹಲಗೆಗೆ ಬಡಿದು ಹೊರಗೆ ಹಾರಿತು. ಅವನು ನಕ್ಕ. ಮೂಡಣ ರಿಂಗಿನ ಕೆಳಗೆ ಅವನ ನಗೆಯನ್ನು ನಾವ್ಯಾರೂ ನೋಡಿರಲಿಲ್ಲ. ಆಮೇಲೆ ಒಂದು ಗೇಣು ಕೆಳಗೆ ಗುರಿಯಿಟ್ಟು ಒಂಬತ್ತು ಸಲ ಹಾಕಿದ.

ಸಂಜೆ ಗಾಡಿಗೆ ಕಾಯುತ್ತ ಮಾಸ್ತರು ನನ್ನನ್ನು ಕೇಳಿದರು: "ಆ ಬಯಲಿನ ಅಳತೆ ಮಾಡಿದವರು ನೀವೇ ಏನ್ರಿ?" ಹೌದೆಂದೆ. "ಏಣಿ ಹತ್ತಿದವರೂ ನೀವೇ ಅಲ್ಲವೇ," ಎಂದು ಗಾಡಿ ಹತ್ತಿದರು. ಅದು ಬೈಗುಳವೋ ಬೇರೇನೋ ಇಂದಿಗೂ ತಿಳಿದಿಲ್ಲ. ಸಿದ್ರಾಮ ಕ್ಯಾಪ್ಟನ್ ಆಗಿ ಹೈದರಾಬಾದಿಗೆ ಹೋದ. ಮೂಡಣ ಹಲಗೆಯನ್ನು ಒಂದು ಗೇಣು ಏರಿಸಿದೆವು. ಪಾರ್ಸಲ್ ಗುಮಾಸ್ತ ಆಮೇಲೆ ಒಂದು ಸಲವೂ ಹಾಕಿಲ್ಲ. ತಪ್ಪು ನೆಲದ ಮೇಲೆ ನಾವೆಲ್ಲ ಸುಖವಾಗಿದ್ದೆವು. ಸರಿಯಾದ ಎತ್ತರವನ್ನು ಕೈಯಲ್ಲಿ ಹೊತ್ತು ಬಂದವನೊಬ್ಬನೇ ಅಲ್ಲಿ ಎಡವುತ್ತಿದ್ದ, ಅವನಿಗೇ ನಾವು ಸಿಟ್ಟಿನವನೆಂದು ಹೆಸರಿಟ್ಟಿದ್ದೆವು.

ಚಹಾದಂಗಡಿಯಲ್ಲಿ ವಾದ ನಿಂತಿದೆಯೆಂದು ತಿಳಿಯಬೇಡಿ. "ಹುಡುಗ ಭಾಳ ಶಾಂತ ಆಗ್ಯಾನ," ಎನ್ನುತ್ತಾರೆ ಕಾಕಾ ಈಗ. "ಇಷ್ಟು ಶಾಂತ ಇದ್ದವರು ಮುಂದ ಬರಾಂಗಿಲ್ಲ."

ನಮ್ಮ ಬಾಗಿಲು ಈಗ ಸದ್ದಿಲ್ಲದೆ ತೆರೆಯುತ್ತದೆ. ಯಾರಾದರೂ ಬಂದು ಕೂತು, ಇನ್ಯಾರದೋ ಮಾತು ತೆಗೆದು, ಅಂವನ ಗುಣಾನೇ ಹಂಗ ಅಂದರೆ, ನಾನು ತಲೆ ತಗ್ಗಿಸುತ್ತೇನೆ. ಮಗನಿಗೆ ಸಂಕೋಚ ಹೆಚ್ಚೆಂದು ಅವ್ವ ಬಂದವರಿಗೆ ಹೇಳುತ್ತಾಳೆ. ನಾನು ನೆಲ ನೋಡುತ್ತಿರುತ್ತೇನೆ.