ಬೀಗರು ಕೊಟ್ಟ ಕುದುರೆ

ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕು ಎಂಬುದು ನಮ್ಮ ಕಡೆಯ ರಿವಾಜು. ಹುಮನಾಬಾದಿನಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜಿಟ್ಟು ಎಲ್ಲರ ಮೇಲೂ ಜೋರು ಮಾಡುವ ನನ್ನಪ್ಪ, ಬಸವಕಲ್ಯಾಣದ ನನ್ನ ಗಂಡನ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಮಾವ ಏನು ಹೇಳಿದರೂ "ಹೌದ್ರಿ, ಖರೇರಿ." ನನಗೆ ಮೈ ಉರಿಯುತ್ತಿತ್ತು. ಮಾವ ಕೆಟ್ಟವರೇನಲ್ಲ, ಆದರೆ ಬಗ್ಗಿದವನಿಗೆ ಒಂದು ಗುದ್ದು ಹೆಚ್ಚೇ.

ಇಬ್ಬರಿಗೂ ಚೆಸ್ ಹುಚ್ಚು. ಬಂದಾಗಲೆಲ್ಲ ಆಡುತ್ತಿದ್ದರು, ಅಪ್ಪ ಬೇಕೆಂದೇ ಸೋಲುತ್ತಿದ್ದರು. ನನಗೆ ಆಟ ಕಲಿಸಿದವರೇ ಅವರು, ನನಗೆ ತಿಳಿಯದೇ? ಯುಗಾದಿಯ ಮರುದಿನ ಅವರನ್ನು ಅಡುಗೆಮನೆಗೆ ಕರೆದು, "ಇವತ್ತರ ಖರೇ ಆಡು ಅಪ್ಪಾ. ನೀ ಹಿಂಗ ಸೋಲೂದು ನನಗ ನೋಡಾಕ ಆಗೂದಿಲ್ಲ" ಎಂದೆ. ಅಪ್ಪ ಹೋಗಿ ಆಟಕ್ಕೆ ಕೂತರು.

ನಾಲ್ಕನೆಯ ನಡೆಗೆ ಅಪ್ಪ ಕುದುರೆಯಿಂದ ನಡುವಿನ ಪ್ಯಾದೆಯನ್ನು, ಅಂದರೆ ಕಾಲಾಳನ್ನು, ಹೊಡೆದರು. ಆ ಪ್ಯಾದೆಗೆ ಮಾವನ ಕುದುರೆಯ ಕಾವಲಿತ್ತು. ಒಂದು ಪ್ಯಾದೆಗೆ ಇಡೀ ಕುದುರೆ! ಆಟ ಬಲ್ಲವರ ಲೆಕ್ಕದಲ್ಲಿ ಇದು ದುಡುಕು. ಎದುರಿನವರು ಎಚ್ಚರವಾಗಿದ್ದರೆ ಕುದುರೆ ಕೊಟ್ಟವರೇ ಮುಳುಗುತ್ತಾರೆ. ಆದರೆ ಮಾವ ಇದನ್ನೂ ಬೀಗರ ಮರ್ಯಾದೆ ಎಂದೇ ತಿಳಿದರು.

"ಕುದುರಿನೇ ಕೊಟ್ರಲ್ರಿ ಬೀಗರ! ಇಷ್ಟು ಮರ್ಯಾದಿ ಯಾಕ ಮಾಡಾಕತ್ತೀರಿ?" ಎಂದು ನಗುತ್ತ ಅದನ್ನು ಹೊಡೆದು ಆರಾಮಾಗಿ ಒರಗಿದರು.

ಅಪ್ಪನ ಒಂದು ಪ್ಯಾದೆ ಮುಂದೆ ಬಂತು, ಮಾವನ ಕುದುರೆ ಪಕ್ಕಕ್ಕೆ ಸರಿಯಿತು. ಇನ್ನೊಂದು ಪ್ಯಾದೆ ಬಂತು, ಎರಡನೆಯ ಕುದುರೆ ಹೊರಟಿದ್ದ ಮನೆಗೇ ವಾಪಸ್ಸು. ರಾಜ ನಡುವೆಯೇ ಸಿಕ್ಕಿಬಿದ್ದ. ಆಮೇಲೆ ಅಪ್ಪನ ಒಂಟೆ, ವಜೀರ ಒಂದರ ಹಿಂದೊಂದು ನುಗ್ಗಿ ಚೆಕ್ ಕೊಡತೊಡಗಿ, ಕೊನೆಗೆ ರಾಜನಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಮಾವನ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಹಿಗ್ಗು, ಜೊತೆಗೇ ಭಯ. ಮಾವ ಎದ್ದು ಒಳಗೆ ಹೋದರು, ಅಪ್ಪ ಸಿಕ್ಕ ಬಸ್ಸಿಗೆ ಹೊರಟುಬಿಟ್ಟರು.

ಮುಂದೆ ಕೆಲವು ದಿನ ಮಾವ ಮೊಬೈಲಿನಲ್ಲಿ ಅದೇ ಆಟವನ್ನು ತಿರುತಿರುಗಿ ಆಡಿ ನೋಡಿದರು. ಒಂದು ಭಾನುವಾರ, "ನಡೀವಾ, ಹುಮನಾಬಾದಕ್ಕ ಹೋಗೂಣು" ಎಂದರು. ಗಂಡಿನ ಕಡೆಯ ಹಿರಿಯರು ಕರೆಯದೆ ಬೀಗರ ಮನೆಗೆ ಹೋಗುವುದುಂಟೇ? ಹೋದರು.

"ಕರೀಲಾರದ ಬಂದೀನ್ರಿ. ನಿಮ್ಮ ಕುದುರಿಗೆ ಜವಾಬು ಸಿಕ್ಕದ" ಎಂದು ಹೊಸ್ತಿಲಲ್ಲೇ ಸಾರಿದರು.

ಅವ್ವ ಏನು ಮಾಡಲಿ ಎಂದು ಗಡಬಡಿಸುತ್ತಿರುವಾಗಲೇ ಆಟ ಶುರುವಾಯಿತು. ಅಪ್ಪ ಮತ್ತೆ ಕುದುರೆ ಕೊಟ್ಟರು. ಮಾವ ಈ ಸಲ ತಮ್ಮದೊಂದು ಕುದುರೆಯನ್ನು ತಿರುಗಿ ಕೊಟ್ಟು, ಮುಂದೆ ಬಂದ ಪ್ಯಾದೆಯನ್ನು ಹೊಡೆದುಹಾಕಿದರು. ದಾಳಿ ತಣ್ಣಗಾಯಿತು. ಅಪ್ಪನ ಆಟ ಕೆಡತೊಡಗಿತು. ನಾನು ಒಳಗೆ ಚಹಾ ಸೋಸುತ್ತಿದ್ದೆ.

"ಆನಿ ಮುಟ್ಟೀರಿ, ಬೀಗರ! ಈಗ ಅದನ್ನೇ ನಡಸ್ರಿ, ಬಿಡಂಗಿಲ್ಲ!" ಅಪ್ಪನ ದನಿ ಮನೆಯೆಲ್ಲ ತುಂಬಿತು.

"ಮುಟ್ಟಿಲ್ರಿ, ಫ್ಯಾನಿನ ಗಾಳಿಗೆ ಅಳ್ಳಾಡ್ಯದ!"

"ಫ್ಯಾನ್ ಬಂದ್ ಅದರೀ! ಸುಳ್ಳು ಹೇಳಬ್ಯಾಡ್ರಿ!"

ಅವ್ವ ಗಾಬರಿಯಾಗಿ ಹೊರಗೆ ಓಡಲು ಹೊರಟಳು. ನಾನು ಸೆರಗು ಹಿಡಿದು ನಿಲ್ಲಿಸಿದೆ.

"ಜಗಳ ಆಡ್ಲಿ ಬಿಡು, ಯವ್ವಾ."