ಕರ್ನಲರ ಸೊಂಟದ ಅಳತೆ

ಕಲ್ಯಾಣಪುರದ ಆಲ್ಫೋನ್ಸ್ ಹದಿನೈದು ವರ್ಷ ಪಲ್ಟಣದಲ್ಲಿ ದರ್ಜಿಯಾಗಿದ್ದು, ೧೯೫೬ರಲ್ಲಿ ಊರಿಗೆ ಮರಳಿ ಜಗಲಿಯಲ್ಲಿ ಹೊಲಿಗೆ ಯಂತ್ರ ಹೂಡಿದವನು. ರವಿಕೆ, ಮಕ್ಕಳ ಚಡ್ಡಿ ಹೊಲಿದು ಹೊಟ್ಟೆ ಹೊರೆಯುತ್ತಿದ್ದ. ಹೆಮ್ಮೆ ಮಾತ್ರ ಒಂದೇ: ಅದೇ ಊರಿನ ಕ್ಲಾರೆನ್ಸ್ ಲೂವಿಸರ ಸಮವಸ್ತ್ರ. ಅವರು ಲೆಫ್ಟಿನೆಂಟ್ ಆಗಿದ್ದಾಗಿನಿಂದ, ಕರ್ನಲ್ ಆಗಿ ಉತ್ತರದ ಒಂದು ಸೇನಾ ನೆಲೆಯ ಕಮಾಂಡರ್ ಆಗುವ ತನಕ ಇವನದೇ ಹೊಲಿಗೆ. ಬರ್ಮಾದಲ್ಲಿ ಮಲೇರಿಯಾ ಹಿಡಿದಾಗ ಎದೆ ಎಷ್ಟಿತ್ತು, ಮದುವೆಯ ವರ್ಷ ಎಷ್ಟಾಯಿತು, ಎಲ್ಲ ಅವನಿಗೆ ಬಾಯಿಪಾಠ. ರಜೆಗೆ ಬರುವಾಗ ಕರ್ನಲರು ಸಮವಸ್ತ್ರವನ್ನು ಟ್ರಂಕಿನಲ್ಲಿ ಹೊತ್ತು ತರುತ್ತಿದ್ದರು.

೧೯೬೪ರ ಈಸ್ಟರಿಗೆ ಬಂದಾಗ ಅವರ ಸೊಂಟ ಮೂವತ್ತಾರರಿಂದ ಮೂವತ್ತನಾಲ್ಕಕ್ಕೆ ಇಳಿದಿತ್ತು. ಸೆಪ್ಟೆಂಬರಿನ ತೆನೆಹಬ್ಬಕ್ಕೆ ಬಂದಾಗ ಮೂವತ್ತೊಂದು. ಆಲ್ಫೋನ್ಸ್ ಎರಡು ಸಲ ಅಳೆದ.

"ನಿನ್ನ ಟೇಪು ಹಿಗ್ಗಿದೆ ಮಾರಾಯ," ಎಂದರು ಕರ್ನಲರು.

"ಟೇಪು ಹಿಗ್ಗಿದರೆ ಪ್ಯಾಂಟು ಯಾಕೆ ಜಾರುತ್ತದೆ, ಸಾಬ್? ಮಣಿಪಾಲದಲ್ಲಿ ದೊಡ್ಡ ಡಾಕ್ಟರುಗಳು ಇದ್ದಾರೆ. ಒಮ್ಮೆ ತೋರಿಸಿ ಬನ್ನಿ."

ಕರ್ನಲರ ನಗೆ ನಿಂತಿತು. "ಅಕ್ಟೋಬರ್ ಕೊನೆಗೆ ನನ್ನ ಬೀಳ್ಕೊಡುಗೆ ಪೆರೇಡ್ ಉಂಟು. ಈಗ ಡಾಕ್ಟರ ಕೈಗೆ ಸಿಕ್ಕಿದರೆ ಆಸ್ಪತ್ರೆಯಿಂದಲೇ ಮನೆಗೆ ಕಳಿಸುತ್ತಾರೆ. ಇಷ್ಟು ವರ್ಷ ದುಡಿದು, ಮಂಚದಲ್ಲಿ ಮಲಗಿಕೊಂಡು ಅಧಿಕಾರ ಒಪ್ಪಿಸಬೇಕಾ? ಒಳಗೆ ಏನಾದರೂ ತುಂಬಿಸು. ಮನೆಯಲ್ಲಿ ಕಾನ್ಸೆಪ್ಟಾಳಿಗೆ ಹೇಳಬೇಡ. ಇದು ಆರ್ಡರ್."

ಸೈನ್ಯ ಬಿಟ್ಟು ಎಂಟು ವರ್ಷವಾದವನಿಗೆ ಯಾವ ಕರ್ನಲರ ಆರ್ಡರೂ ತಾಗುವುದಿಲ್ಲ. ಅದು ಆಲ್ಫೋನ್ಸನಿಗೆ ಗೊತ್ತಿತ್ತು. ಆದರೂ "ಹೌದು ಸಾಬ್" ಎಂದ. ನಾಲ್ಕು ದಿನ ಕುಳಿತು ಎದೆಗೆ ಕ್ಯಾನ್ವಾಸ್, ಭುಜಕ್ಕೆ ಹತ್ತಿ ಕೂರಿಸಿದ. ಕನ್ನಡಿಯ ಮುಂದೆ ಕರ್ನಲರು ಹಿಂದಿನ ವರ್ಷದವರಂತೆಯೇ ಕಂಡಾಗ ಅವನಿಗೆ ತನ್ನ ಕೈಕೆಲಸದ ಬಗ್ಗೆ ಸಂತೋಷವೇ ಆಯಿತು.

ಸಮವಸ್ತ್ರ ಒಯ್ಯಲು ಬಂದವರು ಕರ್ನಲರ ಹೆಂಡತಿ ಕಾನ್ಸೆಪ್ಟಾಬಾಯಿ.

"ಆಲ್ಫೋನ್ಸಣ್ಣ, ಇವರು ಊಟ ಸರಿ ಮಾಡುವುದಿಲ್ಲ. ಕೇಳಿದರೆ ಗದರುತ್ತಾರೆ. ಅಳತೆಯಲ್ಲಿ ಎಂತಾದರೂ ವ್ಯತ್ಯಾಸ ಉಂಟಾ? ಇದ್ದರೆ ಹೇಳಿ, ನಾಡಿದ್ದಿನ ಪ್ರಯಾಣ ನಿಲ್ಲಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತೇನೆ."

ಆಲ್ಫೋನ್ಸ್ ಹಲ್ಲಿನಲ್ಲಿ ನೂಲು ಕಡಿದ. "ಅರ್ಧ ಇಂಚು, ಬಾಯಿ. ವಯಸ್ಸಾಯಿತಲ್ಲ."

ಆಕೆ ನಂಬಿದರು. ಅಳತೆಯ ವಿಷಯದಲ್ಲಿ ದರ್ಜಿಯ ಮಾತನ್ನು ಯಾರು ಅನುಮಾನಿಸುತ್ತಾರೆ?

ಪೆರೇಡ್ ಸಾಂಗವಾಗಿ ನಡೆಯಿತು. ಕಮಾಂಡರರ ಜೀಪಿಗೆ ಹಗ್ಗ ಕಟ್ಟಿ, ಅಧಿಕಾರಿಗಳೇ ಗೇಟಿನವರೆಗೆ ಎಳೆದು ಬೀಳ್ಕೊಟ್ಟರು. ನವೆಂಬರಿನಲ್ಲಿ ಕರ್ನಲರು ಊರಿಗೆ ಬಂದು, ವಾರದೊಳಗೆ ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ಗಡ್ಡೆ. ಎರಡು ತಿಂಗಳು ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದರು ಡಾಕ್ಟರು.

ಕ್ರಿಸ್ಮಸಿನ ಮರುದಿನ ಶಾಲೆಯ ಹಾಲಿನಲ್ಲಿ ಊರವರು ಇಟ್ಟುಕೊಂಡಿದ್ದ ಸನ್ಮಾನ ನಿಲ್ಲಲಿಲ್ಲ. ಕರ್ನಲರು ಹಾಸಿಗೆಯಿಂದ ಏಳುವಂತಿರಲಿಲ್ಲ, ಶಾಲು ಹೊದಿಸಿದ್ದು ಕಾನ್ಸೆಪ್ಟಾಬಾಯಿಗೆ. ಹೆಡ್‌ಮಾಸ್ಟರ್ ಫೌಸ್ಟಿನರು ಕರ್ನಲರ ಸೇವೆಯನ್ನು ವರ್ಷ ವರ್ಷವಾಗಿ ಹೇಳುತ್ತಾ ಹೋಗಿ, ಪೆರೇಡಿನ ಫೋಟೋ ಎತ್ತಿ ತೋರಿಸಿದರು. "ನೋಡಿ, ಕೊನೆಯ ದಿನವೂ ಅದೇ ಎದೆ, ಅದೇ ಭುಜ." ಜನ ಚಪ್ಪಾಳೆ ತಟ್ಟಿದರು. ಕೊನೆಯ ಬೆಂಚಿನಲ್ಲಿದ್ದ ಆಲ್ಫೋನ್ಸ್ ತಟ್ಟಲಿಲ್ಲ.

ಸಭೆ ಮುಗಿದ ಮೇಲೆ ಕಾನ್ಸೆಪ್ಟಾಬಾಯಿ ನೇರ ಅವನ ಬಳಿಗೆ ಬಂದರು.

"ಟ್ರಂಕು ಬಿಚ್ಚಿದಾಗ ಹತ್ತಿ ಕೈಗೆ ಸಿಕ್ಕಿತು. ಸೊಂಟ ಎಷ್ಟಿತ್ತು?"

"ಮೂವತ್ತೊಂದು."

"ನನಗೆ ಅರ್ಧ ಇಂಚು ಅಂದಿರಿ."

"ಸಾಬ್ ಹೇಳಬೇಡ ಅಂದಿದ್ದರು, ಬಾಯಿ."

"ಕೇಳಿದ್ದು ನಾನಲ್ವಾ?"

ಅವನು ಬೆಂಚಿನಿಂದ ಎದ್ದು ನಿಂತ.

"ಅವರಿಗೆ ಪೆರೇಡ್ ಸಿಕ್ಕಿತು. ನಿಮ್ಮ ಕೈಕೆಲಸಕ್ಕೆ ಚಪ್ಪಾಳೆ ಸಿಕ್ಕಿತು," ಎಂದು ಆಕೆ ಶಾಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದರು.

ಫೆಬ್ರವರಿಯಲ್ಲಿ ಕರ್ನಲರು ತೀರಿಕೊಂಡರು. ಸುದ್ದಿ ತಿಳಿದ ಕೂಡಲೇ ಆಲ್ಫೋನ್ಸ್, ಕೊನೆಯ ಉಡುಪಿಗೆ ತನ್ನನ್ನೇ ಕರೆಯುತ್ತಾರೆಂದು, ಟೇಪು, ಕತ್ತರಿ ತೆಗೆದಿಟ್ಟುಕೊಂಡು ಜಗಲಿಯಲ್ಲಿ ಮಧ್ಯಾಹ್ನದ ತನಕ ಕಾದ. ಆ ಮನೆಯಿಂದ ಯಾರೂ ಬರಲಿಲ್ಲ. ಮರುದಿನ ಇಗರ್ಜಿಯಲ್ಲಿ ಪೆಟ್ಟಿಗೆಯ ಹತ್ತಿರ ಹೋದಾಗ, ಕರ್ನಲರ ಮೈಮೇಲೆ ಸಮವಸ್ತ್ರವಿರಲಿಲ್ಲ. ಉಡುಪಿಯ ಬೇರೊಬ್ಬ ದರ್ಜಿ ಅವಸರದಲ್ಲಿ ಹೊಲಿದ ಕಪ್ಪು ಕೋಟು ಇತ್ತು. ತೋಳು ಒಂದಿಂಚು ಉದ್ದವಾಗಿ, ಬೆರಳುಗಳ ಮೇಲೆ ಬಿದ್ದಿತ್ತು.