ಗಂಗಾಳ ಬಡಿಯದ ಕಾಕೂ

ಕಾಕೂನ ಬಲಗೈ ನಡುಬೆರಳಿನ ಗೆಣ್ಣು ಹುಣಸೆ ಬೀಜದಂತೆ ಗಟ್ಟಿಯಾಗಿ, ನುಣ್ಣಗೆ ಮಿಂಚುತ್ತಿತ್ತು. ವರ್ಷಾನುಗಟ್ಟಲೆ ಪಾತ್ರೆ ಬಡಿದೂ ಬಡಿದೂ ಹಾಗಾಗಿತ್ತು. ಗಿರಾಕಿ ಒಂದು ಕೊಡ ಕೇಳಿದರೆ ಸಾಕು, ಕಾಕೂ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈ ಗೆಣ್ಣಿನಿಂದ ‘ಟಣ್’ ಎಂದು ಬಡಿದು, ನಾದ ನಿಲ್ಲುವವರೆಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಮೇಲೆ, “ಕೇಳ್ರಿ, ಗುಡಿ ಗಂಟಿ ಇದ್ದಂಗ ಐತಿ” ಎನ್ನುತ್ತಿದ್ದಳು. ಯಾವ ಪಾತ್ರೆಗೂ ಅದೇ ಮಾತು. ಚಹಾ ಸೋಸುವ ಜಾಳಿಗೆಗೂ ಅದೇ ಮಾತು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಗೋಕಾಕದ ಪೇಟೆಯಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ಅವರ ಭಾಂಡೆ ಅಂಗಡಿ. ಜೈನರ ಮನೆತನ. ಒಳಗೆ ಮರಾಠಿ, ಗಿರಾಕಿಗಳ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಅಂಗಡಿ ಹೆಸರಿಗೆ ಅವಳ ಗಂಡ ಕಾಕಾನದು. ಆತ ಮೂಲೆಯಲ್ಲಿ ಮರಾಠಿ ಪೇಪರು ಹಿಡಿದು ಕೂತರೆ ಸಂಜೆ ಊಟಕ್ಕೇ ಏಳುತ್ತಿದ್ದ. ಆ ಊಟ ಹೊತ್ತು ಮುಳುಗುವ ಮೊದಲೇ ಆಗಬೇಕು. ಮುಳುಗಿತೆಂದರೆ ಮರುದಿನ ಬೆಳಕಾಗುವವರೆಗೆ ಕಾಕೂನ ಬಾಯಿಗೆ ಹನಿ ನೀರೂ ಇಲ್ಲ. ಜಗತ್ತಿನ ಬೇರೆ ಎಲ್ಲ ವಿಷಯದಲ್ಲೂ ಚೌಕಾಶಿಗೆ ಇಳಿಯುತ್ತಿದ್ದ ಕಾಕೂ ಈ ಒಂದು ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ.

ನಾನು ಐದನೆಯ ತರಗತಿಯಲ್ಲಿದ್ದಾಗ ಅವ್ವನ ತಂಗಿಯ ಮದುವೆ ಮೂಡಲಗಿಯಲ್ಲಿ ನಿಕ್ಕಿಯಾಯಿತು. ತೊಂಬತ್ತರ ದಶಕದ ಆರಂಭದ ದಿನಗಳು ಅವು. ಮದುವೆಯ ಪಾತ್ರೆಗಳೆಲ್ಲ ಕಾಕೂನ ಅಂಗಡಿಯವೇ. ಒಂದೊಂದನ್ನೂ ಬಡಿದು, ಕೇಳಿಸಿ, ಟೆಂಪೋಕ್ಕೆ ಹೇರಿಸಿದಳು. ಪಾತ್ರೆಗಳ ನಡುವೆ ಅವ್ವ, ಅವ್ವನ ಅಣ್ಣ ಇಬ್ಬರೂ ಕೂತು ಹೊರಟರು. ಕಾಲುವೆ ಪಕ್ಕದ ತಿರುವಿನಲ್ಲಿ ಟೆಂಪೋ ಪಲ್ಟಿಯಾಯಿತು. ಮಾವ ಅಲ್ಲೇ ತೀರಿಕೊಂಡ. ಅವ್ವನ ಕೈ ಮುರಿಯಿತು. ಕೊಡ, ತಪೇಲಿ, ಗಂಗಾಳಗಳು ಡಾಂಬರು ರಸ್ತೆಯ ಮೇಲೆ ಉರುಳುತ್ತ ಬಹಳ ಹೊತ್ತು ಸಪ್ಪಳ ಮಾಡುತ್ತಲೇ ಇದ್ದವಂತೆ.

ಕೈ ಕೂಡಿಕೊಂಡಿತು. ಅವ್ವ ಮಾತ್ರ ನಮ್ಮ ಅವ್ವನಾಗಿ ಮರಳಲಿಲ್ಲ. ಎಲ್ಲಿಯಾದರೂ ಒಂದು ವಾಟಗ, ಸಣ್ಣ ಬಟ್ಟಲು, ಬಿದ್ದರೆ ಸಾಕು, ಎರಡೂ ಕಿವಿ ಮುಚ್ಚಿಕೊಂಡು ಮೂಲೆಗೆ ಹೋಗಿ ಮುದುಡುತ್ತಿದ್ದಳು. ಅಡುಗೆಮನೆಗೆ ಕಾಲಿಡುವುದು ನಿಂತಿತು. ಅಪ್ಪ ಅನ್ನ ಸೀಯಿಸುತ್ತಿದ್ದ, ನಾವು ಉಣ್ಣುತ್ತಿದ್ದೆವು. ಪಕ್ಕದಲ್ಲಿ ನೋಡಿದರೆ ದಿನವಿಡೀ ಟಣ್ ಟಣ್ ಎನ್ನುವ ಭಾಂಡೆ ಅಂಗಡಿ. ನಮ್ಮ ಹಣೆಬರಹಕ್ಕೆ ಬೇರೆ ಅಂಗಡಿ ಸಿಕ್ಕಿರಲಿಲ್ಲ.

ಮಾತಾಡಿಸಲು ಬರುವವರ ಕಾಟ ಇನ್ನೊಂದು. ನಮ್ಮ ಕಡೆ ಸಂಕಟದ ಮನೆಗೆ ಹೋದವರು ಎಲ್ಲವನ್ನೂ ಮೊದಲಿನಿಂದ ಕೇಳಬೇಕು. ಕೇಳದಿದ್ದರೆ ಕರುಳಿಲ್ಲದವರು ಅನ್ನಿಸಿಕೊಳ್ಳುತ್ತಾರೆ. “ಹೆಂಗಾತವ್ವಾ? ನಿಮ್ಮಣ್ಣ ಏನರೆ ಮಾತಾಡಿದ್ನ?” ಎಂದು ಒಬ್ಬೊಬ್ಬರೂ ಕೇಳುವರು. ಅವ್ವ ಪ್ರತಿ ಸಲವೂ ಟೆಂಪೋ ಹತ್ತಿ, ಆ ತಿರುವಿಗೆ ಬಂದು, ನಡುಗಲು ಶುರು ಮಾಡುವಳು. ಬಂದವರು ಕಣ್ಣೊರೆಸಿಕೊಂಡು ಸಮಾಧಾನವಾಗಿ ಮನೆಗೆ ಹೋಗುವರು.

ಹುಕ್ಕೇರಿಯಿಂದ ಬಂದ ನಮ್ಮ ಅತ್ತಿ, ಅಂದರೆ ಅಪ್ಪನ ಅಕ್ಕ, ಒಂದೇ ಮಾತಿಗೆ ತೀರ್ಪು ಕೊಟ್ಟಳು. “ಒಲಿ ಮುಂದ ನಿಲ್ಲದಾಕಿ ಇಲ್ಲಿದ್ದು ಏನ್ ಮಾಡತಾಳೋ ತಮ್ಮಾ? ತವರಮನಿಗೆ ಕಳಸು. ಅವರರೆ ನೋಡಕೊಳ್ಳಲಿ.” ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ. ಹಾಗೆ ತವರಿಗೆ ಹೋದವರು ಅಲ್ಲಿಯೇ ಉಳಿದುಬಿಟ್ಟದ್ದನ್ನು ನಾನು ನಮ್ಮ ಓಣಿಯಲ್ಲೇ ಕಂಡಿದ್ದೆ. ಅಂದಿನಿಂದ ಶಾಲೆಗೆ ಹೋಗುವ ಮುನ್ನ ಅವ್ವನ ಟ್ರಂಕು ಮಂಚದ ಕೆಳಗೇ ಇದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ತಿರುಗಿ ಬಂದವಳು ಪಾಟಿಚೀಲ ಇಳಿಸುವ ಮೊದಲೇ ಮತ್ತೆ ಬಗ್ಗುತ್ತಿದ್ದೆ.

ಅಂಥದರಲ್ಲಿ ಒಂದು ದಿನ ಕಾಕೂ ಉಣ್ಣುವ ತಟ್ಟೆ, ಕಂಚಿನ ಗಂಗಾಳ ಹಿಡಿದು ಬಂದಳು. ನಮ್ಮಲ್ಲಿ ಹಸುಗೂಸಿನ ಬೆನ್ನ ಹಿಂದೆ ಗಂಗಾಳ ಬಡಿಯುವ ಪದ್ಧತಿಯಿದೆ. ಮುಂದೆ ಕೂಸು ಸಪ್ಪಳಕ್ಕೆ ಅಂಜಬಾರದಂತೆ. ಓಣಿಯ ಕೂಸುಗಳಿಗೆಲ್ಲ ಬಡಿದವಳು ಕಾಕೂನೇ. “ಈಕೀಗೆ ಅಂಜಿಕಿ ಹೊಕ್ಕೈತಿ. ಸಪ್ಪಳದಿಂದ ಹೊಕ್ಕದ್ದು ಸಪ್ಪಳದಿಂದನ ಹೋಗಬೇಕು” ಎಂದು ಅಪ್ಪನಿಗೆ ಹೇಳಿದಳು. ಪಾಪ, ಪೂರ್ತಿ ನಂಬಿಕೆಯಿಂದಲೇ ಹೇಳಿದಳು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಅವ್ವನ ಹಿಂದೆ ಸದ್ದಿಲ್ಲದೆ ಹೋಗಿ, ಸವುಟಿನಿಂದ ಬಲವಾಗಿ ಬಡಿದಳು.

ಅವ್ವ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ನೆಲಕ್ಕೆ ಬಿದ್ದು, ತೆವಳಿಕೊಂಡು ಮಂಚದ ಕೆಳಗೆ ಹೋಗಿ, ಟ್ರಂಕಿನ ಹಿಂದೆ ಸೇರಿಕೊಂಡಳು. ಸೀರೆ ಒದ್ದೆಯಾಗಿತ್ತು. ತುಟಿ ಕಚ್ಚಿ ರಕ್ತ ಬಂದಿತ್ತು. ಕಾಕೂನ ಮುಖ ಬಿಳಿಚಿಕೊಂಡಿತು. “ಅಗ ಬಾಯಿ, ನಾ ಏನ್ ಮಾಡಿದ್ನಿ” ಎಂದಳು. ಗಂಗಾಳವನ್ನು ಮಲಗಿದ ಕೂಸನ್ನು ಇಡುವ ಹಾಗೆ ಮೆಲ್ಲಗೆ ನೆಲಕ್ಕಿಟ್ಟಳು. ಆಮೇಲೆ, ಬಾಗಿಲಲ್ಲೇ ಓರೆಯಾಗಿ ಹಾಯಬೇಕಾಗಿದ್ದ ಆ ದಪ್ಪ ಹೆಂಗಸು ಬೋರಲು ಮಲಗಿ ಮಂಚದ ಕೆಳಗೆ ತೂರಿಕೊಂಡಳು. ಮುಟ್ಟಲಿಲ್ಲ, ಮಾತಾಡಲಿಲ್ಲ. ಕೈಯಷ್ಟು ದೂರದಲ್ಲಿ ಸುಮ್ಮನೆ ಮಲಗಿದಳು. ಹೊತ್ತು ಮುಳುಗಿತು. ಕಾಕಾ ಬಾಗಿಲಿಗೆ ಬಂದು ಊಟಕ್ಕೆ ಕರೆದು ಹೋದ. ಅವ್ವನ ನಡುಕ ನಿಂತ ಮೇಲೆ ಇಬ್ಬರೂ ಹೊರಗೆ ಬಂದರು. ಕಾಕೂ ಅಂದು ಉಪವಾಸ.

ಮರುದಿನ ಅಂಗಡಿಯ ನೆಲದ ತುಂಬ ಗೋಣಿಚೀಲ ಹಾಸಿತ್ತು. ಹಲಗೆಗಳ ಮೇಲೂ ಗೋಣಿ. ಗಿರಾಕಿ ಕೊಡ ಬಡಿಯಲು ಕೈ ಎತ್ತಿದರೆ ಕಾಕೂ ಆ ಕೈಯನ್ನೇ ಹಿಡಿಯುತ್ತಿದ್ದಳು. “ತೂಕ ನೋಡ್ರಿ, ಬಡೀಬ್ಯಾಡ್ರಿ.” ಬಡಿಯದೆ ಭಾಂಡೆ ಕೊಳ್ಳುವುದು ಹೇಗೆ ಎಂದು ಜನ ಗೊಣಗಿದರು. ಕಾಕೂನ ಮಗನೂ ಗೊಣಗಿದ. ಕಾಕಾ ಮಾತ್ರ, ಪೇಪರು ಓದಲು ಇದೇ ಒಳ್ಳೆಯದು ಎಂದನಂತೆ.

ಬೆಳಗಾವಿಯಿಂದ ತಿಂಗಳಿಗೊಮ್ಮೆ ಗೋಕಾಕಕ್ಕೆ ಮನಸ್ಸಿನ ಡಾಕ್ಟರೊಬ್ಬರು ಬರುತ್ತಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆಯಲ್ಲಿ ಕೂತು, ಹೆಚ್ಚಾಗಿ ನೊಣ ಹೊಡೆದು ಹೋಗುತ್ತಿದ್ದರು. ಊರ ಬಾಯಲ್ಲಿ ಅವರು ಹುಚ್ಚರ ಡಾಕ್ಟರು. ಅಪ್ಪ ಹಿಂಜರಿದ.

“ಮಂದಿ ಏನಂತಾರ ಕಾಕೂ?”

“ಮಂದಿ ಅಂದ್ರ ಯಾರು? ನಾನ. ನಾ ಏನೂ ಅನ್ನಂಗಿಲ್ಲ, ನಡಿ.”

ಕಾಕೂ ಅವ್ವನ ಕೈ ಹಿಡಿದು ನಡೆದಳು. ಅಪ್ಪ ಹಿಂದೆ, ಅಪ್ಪನ ಹಿಂದೆ ನಾನು. ಡಾಕ್ಟರ ಮುಂದೆ ಕಾಕೂ ಮೊದಲು ಗಂಗಾಳದ ಕಥೆಯನ್ನೇ ಹೇಳಿದಳು, ಏನನ್ನೂ ಮುಚ್ಚಿಡದೆ.

“ಬಾಯಾರ, ಕಾಲ ಮುರದಾಕೀನ ಓಡಿಸಿದಂಗಾತ್ರಿ ಇದು” ಎಂದರು ಡಾಕ್ಟರು.

“ಗೊತ್ತಾತ್ರಿ. ಇನ್ನ ಹೆಂಗ ನಡಸೂದು, ಅದನ್ನ ಹೇಳ್ರಿ.”

ಡಾಕ್ಟರು ಗುಳಿಗೆ ಬರೆದುಕೊಟ್ಟರು. ಗುಳಿಗೆ ಅರ್ಧ ಕೆಲಸ ಮಾಡುತ್ತದೆ, ಉಳಿದದ್ದು ನೀವು ಮಾಡಬೇಕು ಎಂದರು. ಹಿಂದಿನಿಂದ ಹೋಗಬೇಡಿ. ಸಪ್ಪಳ ಆಗುವುದಿದ್ದರೆ ಮೊದಲೇ ಹೇಳಿ. ಆದದ್ದನ್ನು ಕೆದಕಬೇಡಿ, ಆಕೆ ತಾನಾಗಿ ಹೇಳಿದರೆ ಕೇಳಿ. ಏನು ಮಾಡುವುದಿದ್ದರೂ ಆಕೆಯನ್ನು ಕೇಳಿ ಮಾಡಿ. ಕಾಕೂ ಶಾಲೆಯ ಮಕ್ಕಳಂತೆ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದಳು. ಅವ್ವ ಡಾಕ್ಟರ ಕಡೆ ನೋಡಿ ಮೊದಲ ಸಲ ಬಾಯಿ ಬಿಟ್ಟಳು. “ನಂಗ ಹುಚ್ಚ ಹಿಡದಿಲ್ಲೇನ್ರಿ?”

“ಇಲ್ಲವ್ವಾ. ನೀ ಅಂಜಿದ್ದಿ. ಅಂಜೂವಂಥಾದ್ದ ಆಗೇತಿ.”

ಅಪ್ಪ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ.

ಅಂದಿನಿಂದ ಕಾಕೂ ನಮ್ಮ ಮನೆಯ ಕಟ್ಟೆಯ ಮೇಲೆ ಠಾಣೆ ಹಾಕಿದಳು. ಮಾತಾಡಿಸಲು ಬಂದವರಿಗೆಲ್ಲ ಅವಳದು ಒಂದೇ ಮಾತು: “ಕೇಳಾಕ ಬರಬ್ಯಾಡ್ರಿ, ಕುಂಡರಾಕ ಬರ್ರಿ.” ಸುಮ್ಮನೆ ಕೂರುವುದು ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಆಗಿಬರದ ವಿದ್ಯೆ. ಅದಕ್ಕೇ ಹಳೆ ಸೀರೆಗಳನ್ನು ಒಟ್ಟು ಮಾಡಿ ನಮ್ಮ ಪಡಸಾಲೆಯಲ್ಲಿ ಕೌದಿ ಹೊಲಿಯಲು ಹಚ್ಚಿದಳು. ಸೂಜಿ ಸಪ್ಪಳ ಮಾಡುವುದಿಲ್ಲವಲ್ಲ. ಅವ್ವನಿಗೂ ಒಂದು ಸೂಜಿ ಕೊಟ್ಟರು. ಒಳಗೆ ಬರುವವರು ಹೊಸ್ತಿಲಲ್ಲೇ ನಿಂತು, “ನಾ ಬಂದೇನಿ ನೋಡವಾ, ತಂಬಗಿ ಕೆಳಗ ಇಡತೇನಿ” ಎಂದು ಸಾರಿ ಹೇಳಿ ಇಡಬೇಕು. ಹಾಲಿನವನು ಕ್ಯಾನು ಇಳಿಸುವ ಮೊದಲು ಕೂಗಿ ಹೇಳುತ್ತಿದ್ದ. ಆಟೋದವನು ನಮ್ಮ ಓಣಿಯಲ್ಲಿ ಇಳಿದು ಗಾಡಿ ತಳ್ಳಿಕೊಂಡು ಹೋಗುತ್ತಿದ್ದ. ಅಷ್ಟು ಬೇಕಿರಲಿಲ್ಲ, ಆದರೂ ಯಾರೂ ಬೇಡ ಎನ್ನಲಿಲ್ಲ.

ಕೆಲವು ವಾರಗಳ ಮೇಲೆ ಅತ್ತಿ ಅವ್ವನನ್ನು ತವರಿಗೆ ಮುಟ್ಟಿಸಲೆಂದು ಹುಕ್ಕೇರಿಯಿಂದ ಬಂದೇಬಿಟ್ಟಳು. ನಾನು ಓಡಿಹೋಗಿ ಟ್ರಂಕಿನ ಮೇಲೆ ಕೂತೆ. ಕಾಕೂ ಜಗಳಕ್ಕೆ ಇಳಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕತ್ತು ಕೂಡ ಎತ್ತಲಿಲ್ಲ.

“ಒಯ್ಯೂಣಂತ ಬರ್ರಿ ವೈನಿ. ಈ ಕೌದಿ ಒಂದ ಮುಗದಬಿಡಲಿ. ಈ ಮೂಲಿ ಆಕಿ ಹಿಡದಾಳ, ನಡುವ ಬಿಟ್ಟು ಏಳಬಾರದು.”

ಹಾಗೊಂದು ನಿಯಮ ಎಲ್ಲಿಯೂ ಇರಲಿಲ್ಲ. ಅತ್ತಿ ಸಂಜೆಯವರೆಗೆ ಕಾದಳು, ಮರುದಿನ ಕಾದಳು. ಕೌದಿ ಮುಗಿಯಲು ಬಂದಾಗಲೆಲ್ಲ ಯಾರೋ ಒಬ್ಬರು ಇನ್ನೊಂದು ಸೀರೆ ತಂದು ಅಂಚಿಗೆ ಕೂಡಿಸುತ್ತಿದ್ದರು. ಬೇಸತ್ತು ಅತ್ತಿಯೂ ಸೂಜಿ ಹಿಡಿದಳು. ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದಾಗ ಅವ್ವ, ಯಾರೂ ಕೇಳದೆ, ಮೆಲ್ಲಗೆ ಎಂದಳು: “ಅಣ್ಣ ನನ್ನ ಕೈ ಹಿಡದಿದ್ನ್ರಿ ವೈನಿ. ಕಡೀತನಕ ಬಿಟ್ಟಿರಲಿಲ್ಲ.” ಅತ್ತಿಯ ಸೂಜಿ ನಿಂತಿತು. ಅವಳೂ ಒಬ್ಬ ತಮ್ಮನ ಅಕ್ಕ. ಮರುದಿನ ಅವಳೊಬ್ಬಳೇ ಬಸ್ಸು ಹತ್ತಿದಳು. ನಾನು ಟ್ರಂಕಿನಿಂದ ಇಳಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವ್ವ ಎದ್ದು ಅಡುಗೆಮನೆಗೆ ಹೋದಳು. ಒಲೆಕಟ್ಟೆಗೆ ತಾನೇ ಗೋಣಿ ಹಾಸಿದಳು. ಪಡಸಾಲೆಯಲ್ಲಿ ಎಲ್ಲರ ಕೈಗಳೂ ನಿಂತವು. ಒಳಗೆ ತಪೇಲಿ ಇಟ್ಟ ಸಣ್ಣ ಸಪ್ಪಳವಾಯಿತು. ಆಮೇಲೆ ಏನೂ ಇಲ್ಲ.

“ಕೇಳತು ತಂಗಿ” ಎಂದಳು ಕಾಕೂ, ಕೂತಲ್ಲಿಂದಲೇ. “ಚಹಾಕ್ಕ ಇಟ್ಟೀಯೇನು?”

“ಹೂಂ ಕಾಕೂ. ಎಲ್ಲಾರಿಗೂ ಇಟ್ಟೇನಿ.”

ಆ ಚಹಾಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಯಾರೂ ಕೇಳದೆ ಕುಡಿದರು.

ಇಷ್ಟಕ್ಕೇ ನಿಂತಿದ್ದರೆ ಅವಳು ಕಾಕೂ ಅಲ್ಲ. ಮನಸ್ಸಿನ ಡಾಕ್ಟರ ಕೋಣೆಯ ಮೆಟ್ಟಿಲು ಹತ್ತಲು ಜನ ಅಂಜುತ್ತಾರೆ, ಭಾಂಡೆ ಅಂಗಡಿಯ ಮೆಟ್ಟಿಲಿಗೆ ಯಾರೂ ಅಂಜುವುದಿಲ್ಲ ಎಂಬ ಲೆಕ್ಕ ಅವಳದು. ಡಾಕ್ಟರನ್ನು ಕರೆತಂದು ಅಂಗಡಿಯ ಮಾಳಿಗೆಯ ಮೇಲೆ ಕೂರಿಸಿದಳು. ಕೊಣ್ಣೂರ ಕಡೆಯ ನರ್ಸಬಾಯಿ ಹಳ್ಳಿಗಳಲ್ಲಿ ಯಾರು ಒಳಗೊಳಗೇ ಬೇಯುತ್ತಿದ್ದಾರೆಂದು ತಿಳಿದು ಕಿವಿಮಾತು ಹೇಳಿ ಕಳಿಸುತ್ತಿದ್ದಳು. ಹುಕ್ಕೇರಿ ಕಡೆಯ ಒಂದು ಮಠದ ಸ್ವಾಮಿಗಳು, ಭೂತ ಬಿಡಿಸಲೆಂದು ಬಂದವರಿಗೆ ವಿಭೂತಿ ಕೊಟ್ಟು, “ಇದನ್ನ ಹಚ್ಚಿಕೊಂಡು ಗೋಕಾಕಕ್ಕ ಹೋಗ್ರಿ, ಡಾಕ್ಟರ್‌ನ ಕಾಣ್ರಿ” ಎನ್ನುತ್ತಿದ್ದರು. ಅವರನ್ನು ಒಪ್ಪಿಸಲು ಕಾಕೂ ಎಷ್ಟು ಸಲ ಹೋಗಿದ್ದಳೋ, ಏನು ಹೇಳಿದ್ದಳೋ, ನನಗೆ ತಿಳಿಯದು.

ಬಂದವರು ಕೆಳಗೆ ಅಂಗಡಿಯಲ್ಲಿ ನಾಚುತ್ತ, “ಚಮಚ ಬೇಕಾಗಿತ್ರಿ” ಎನ್ನುತ್ತಿದ್ದರು. ಕಾಕೂ ಒಂದು ಚಮಚ ಕೈಗಿತ್ತು ಮೇಲೆ ಕಳಿಸುತ್ತಿದ್ದಳು. ಮೂಡಲಗಿಯಿಂದ, ಹುಕ್ಕೇರಿಯಿಂದ ಒಂದು ಚಮಚಕ್ಕಾಗಿ ಬಸ್ಸು ಹತ್ತಿ ಬರುತ್ತಿದ್ದರು. ಗಂಡ ಹೊಡೆದವಳು, ಮಗು ಕಳೆದುಕೊಂಡವಳು, ಹೊಳೆ ಬಂದು ಮನೆ ಹೋದಮೇಲೆ ಮಳೆಯ ಸಪ್ಪಳಕ್ಕೇ ಎದ್ದು ಕೂರುವ ಗಂಡಸು, ಎಲ್ಲರೂ ಚಮಚದ ಗಿರಾಕಿಗಳೇ. ಮೇಲೆ ಹೋಗುವ ಮುನ್ನ ಅವರ ಜೊತೆ ಸ್ವಲ್ಪ ಹೊತ್ತು ಕೂರುವವಳು ಬೇಕಿತ್ತು. ಆ ಕೆಲಸವನ್ನು ಅವ್ವ ಹಿಡಿದಳು. ಏನೂ ಕೇಳುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದಳು.

“ಡಾಕ್ಟರ್ರ, ಲಗೂ ಮುಗಸ್ರಿ, ನನ್ನ ಊಟದ ಹೊತ್ತಾತು” ಎಂದು ಕಾಕೂ ಮೆಟ್ಟಿಲ ಬುಡದಿಂದ ಕೂಗುತ್ತಿದ್ದುದು ನೆನಪಿದೆ. ಆದರೆ ಮೇಲೆ ಯಾರಾದರೂ ಅಳುತ್ತಿರುವುದು ಕೇಳಿದರೆ ಕೂಗುತ್ತಿರಲಿಲ್ಲ. ರೊಕ್ಕದ ಗಲ್ಲೆಯ ಮೇಲೆ ಕೂತೇ ಹೊತ್ತು ಮುಳುಗಲು ಬಿಡುತ್ತಿದ್ದಳು. ಕಾಕೂ ತೀರಿಕೊಂಡ ಮೇಲೆ ಅವಳ ಸೊಸೆ ಹೇಳಿದಳು, ಡಾಕ್ಟರು ಬರುವ ದಿನ ಅತ್ತೆ ಉಂಡು ಮಲಗಿದ್ದೇ ಅಪರೂಪವೆಂದು. ನಮ್ಮಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಕಾಕೂ ಒಂದು ಚಳಿಗಾಲದ ಬೆಳಿಗ್ಗೆ, ಸ್ನಾನ ಮುಗಿಸಿ ಬಸದಿಗೆ ಹೊರಟವಳು ಕಟ್ಟೆಯ ಮೇಲೆ ಕೂತು ಹಾಗೆಯೇ ಹೋದಳು. ಕಷ್ಟ ಪಡಲಿಲ್ಲ. ಅಂತ್ಯಕ್ರಿಯೆಗೆ ಬಂದ ಎಷ್ಟೋ ಮಂದಿಯನ್ನು ಅವಳ ಮನೆಯವರೇ ಗುರುತಿಸಲಿಲ್ಲ. ಯಾವ ಊರು ಎಂದರೆ ಹೇಳುತ್ತಿದ್ದರು, ಯಾಕೆ ಬಂದಿರಿ ಎಂದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅವ್ವನ ಆ ಟ್ರಂಕಿನಲ್ಲಿ ಈಗ ಕೌದಿಗಳಿವೆ. ನನ್ನ ಅವ್ವ ನಮ್ಮ ಮನೆಯಲ್ಲೇ ಉಳಿದಳು. ಕಾಕೂನ ಋಣ ಎಂದರೆ ನನಗೆ ಇದೇ.

ಆದರೆ ಅವಳು ನೆನಪಾದಾಗ ನನ್ನ ಕಣ್ಣ ಮುಂದೆ ಬರುವುದು ಆ ಬೆಳಿಗ್ಗೆಯಲ್ಲ. ಅದಕ್ಕೂ ಎರಡು ವರ್ಷ ಮೊದಲು, ನಾನು ಬಾಣಂತನಕ್ಕೆಂದು ಗೋಕಾಕಕ್ಕೆ ಬಂದಿದ್ದೆ. ಮಗಳು ಹುಟ್ಟಿದ್ದಳು. ನೋಡಲು ಬಂದ ಹೆಂಗಸೊಬ್ಬರು, ಕೂಸಿಗೆ ಗಂಗಾಳ ಬಡಿಯಲಿಲ್ಲವೇ ಎಂದುಬಿಟ್ಟರು. ಮೂಲೆಯಲ್ಲಿ ಕೂತಿದ್ದ ಕಾಕೂ, “ಅದೇನೂ ಬ್ಯಾಡ” ಎಂದು ಗದರಿದಳು. ಆಗ ಅವ್ವ ಒಳಗೆ ಹೋಗಿ ಒಂದು ಕಂಚಿನ ಗಂಗಾಳ ತಂದಳು. ಅದೇ ಗಂಗಾಳ. ಅಂದು ನೆಲದ ಮೇಲೆ ಬಿಟ್ಟುಹೋದದ್ದನ್ನು ಕಾಕೂ ಎಂದೂ ಹಿಂದಕ್ಕೆ ಕೇಳಿರಲಿಲ್ಲ.

“ಕಾಕೂ, ಬಡೀತೇನಿ ನೋಡ್ರಿ” ಎಂದು ಮೊದಲೇ ಸಾರಿ ಹೇಳಿ, ಅವ್ವ ಸವುಟಿನಿಂದ ಬಡಿದಳು. ಕೂಸು ಬೆಚ್ಚಿತು, ಬಾಯಿ ಸೊಟ್ಟ ಮಾಡಿತು, ಆಮೇಲೆ ಆಕಳಿಸಿತು. ಅವ್ವ ನಕ್ಕಳು. ಕಾಕೂ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಅವ್ವ ಹತ್ತಿರ ಹೋಗಿ ಅವಳ ಕೈಗಳನ್ನು ಒಂದೊಂದಾಗಿ ಕಿವಿಯಿಂದ ತೆಗೆದು, ಗಂಗಾಳವನ್ನು ತೊಡೆಯ ಮೇಲಿಟ್ಟಳು. ಕಾಕೂ ಅವ್ವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗಂಗಾಳವನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಅಷ್ಟು ವರ್ಷ ಸುಮ್ಮನಿದ್ದ ಆ ಗೆಣ್ಣಿನಿಂದ ‘ಟಣ್’ ಎಂದು ಬಡಿದಳು. ನಾದ ನಿಲ್ಲುವವರೆಗೆ ಕಣ್ಣು ಮುಚ್ಚಿದ್ದಳು.

“ಕೇಳ್ರಿ” ಎಂದಳು. “ಗುಡಿ ಗಂಟಿ ಇದ್ದಂಗ ಐತಿ.”